ನೀಲಿ ಟೇಪಿನ ಡಬ್ಬಿ

ಡಬ್ಬಿಯ ನೀಲಿ ಟೇಪು ಕಿತ್ತು, ಸ್ಪೂನನ್ನು ಇನ್ನೇನು ಸೂಪಿಗೆ ಅದ್ದಬೇಕು, ಅಷ್ಟರಲ್ಲಿ ಅಕ್ಕನ ಫೋನು ಬಂತು.

"ಊಟ ಮಾಡ್ತಿದ್ದೀಯಾ?"

"ಈಗ ಕೂತೆ. ಯಾಕೆ?"

"ಸ್ಪೂನ್ ಕೆಳಗಿಡು."

"ನಿನ್ನ ವ್ಯಾನಿನವನು ಬಂದ್ನಾ" ಎಂದು ತಂಗಿಯ ಕಾಲೆಳೆಯದೆ ಮಾತು ಶುರುಮಾಡುವವಳಲ್ಲ ಅಕ್ಕ. ಇವತ್ತು ಆ ತಮಾಷೆ ಇರಲಿಲ್ಲ. ತಂಗಿ ಸ್ಪೂನು ಕೆಳಗಿಟ್ಟಳು.

"ಆ ಅಡುಗೆಮನೆಯವರಿಗೆ ಒಂದು ಥ್ಯಾಂಕ್ಸ್ ಹೇಳೋಣ ಅಂತ ಫೋನ್ ಮಾಡಿದ್ದೆ ಕಣೇ. ನಿನ್ನ ಊಟ ಹೋದ ತಿಂಗಳೇ ನಿಂತುಹೋಗಿದೆಯಂತೆ. ನಿನ್ನ ಹೆಸರಿಗೆ ಅವರು ಡಬ್ಬಿ ಕಟ್ತಾನೇ ಇಲ್ಲವಂತೆ. ಹಾಗಾದ್ರೆ ನೀನು ತಿಂತಿರೋದು ಯಾರ ಮನೆ ಊಟ?"

ಅಕ್ಕ ಕೊಟ್ಟ ಕಿಡ್ನಿ ಅವಳ ಹೊಟ್ಟೆಯಲ್ಲಿತ್ತು. ಮೈ ಅದನ್ನು ಹೊರಗಿನದೆಂದು ತಳ್ಳಿಬಿಡದಿರಲು ನುಂಗುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸಿದ್ದವು. ಬೇರೆಯವರಿಗೆ ಬರೀ ನೆಗಡಿ, ಅವಳಿಗೆ ಆಸ್ಪತ್ರೆ. ಅದೂ ಊರಿಗೆ ಊರೇ ಜ್ವರದಲ್ಲಿ ಮಲಗಿದ್ದ ಹೊತ್ತು. ಗಣಿತದ ಟೀಚರಾದ ಅವಳು ಪಾಠವನ್ನೂ ಕಂಪ್ಯೂಟರಿನಲ್ಲೇ ಮಾಡುತ್ತ ಮನೆಯೊಳಗೇ ಉಳಿದಿದ್ದಳು.

ಇಂಥವರಿಗಾಗಿಯೇ ಒಂದು ಸಂಘದವರು ಅಡುಗೆಮನೆ ನಡೆಸುತ್ತಿದ್ದರು. ಹಸಿಯದೇನೂ ಹಾಕುವಂತಿಲ್ಲ, ಅಡುಗೆಯವರಿಗೆ ದಿನಾ ಜ್ವರ ನೋಡಬೇಕು, ಡಬ್ಬಿಗೆ ನೀಲಿ ಟೇಪು ಬಿಗಿಯಬೇಕು. ಆ ಟೇಪನ್ನು ನಂಬಿಯೇ ಅವಳು ದಿನಾ ಬಾಯಿ ತೆರೆಯುತ್ತಿದ್ದಳು.

ಡಬ್ಬಿ ತರುತ್ತಿದ್ದವನು ಶಾಲೆಯ ವ್ಯಾನು ಓಡಿಸುವವನು. ಜ್ವರಕ್ಕೆ ಶಾಲೆ ಮುಚ್ಚಿದ ಮೇಲೆ ಈ ಕೆಲಸಕ್ಕೆ ಬಂದಿದ್ದ. ಹಳೇ ಅಭ್ಯಾಸಕ್ಕೆ ಅವಳನ್ನೂ ‘ಮಿಸ್’ ಎನ್ನುತ್ತಿದ್ದ. ಡಬ್ಬಿ ಬಾಗಿಲಲ್ಲಿಟ್ಟು, ಮೆಟ್ಟಿಲಿಳಿದು ವ್ಯಾನಿಗೆ ಒರಗಿ, ಅವಳು ಕಿಟಕಿಯಿಂದ ‘ಚೆನ್ನಾಗಿದೆ’ ಎನ್ನುವವರೆಗೂ ಹೋಗುತ್ತಿರಲಿಲ್ಲ. ಮೊನ್ನೆ ಅವಳು, "ಈ ಬೀನ್ಸ್ ಹೆಚ್ಚಿದವರು ಯಾರ್ರೀ, ಕಣ್ಣು ಮುಚ್ಕೊಂಡು ಹೆಚ್ಚಿದ್ರಾ?" ಎಂದು ನಕ್ಕಿದ್ದಳು. ಮಾಸ್ಕಿನ ಪಕ್ಕ ಅವನ ಕಿವಿ ಎರಡೂ ಕೆಂಪಾಗಿದ್ದವು. ನಾಚಿಕೆಯ ಮನುಷ್ಯ ಎಂದುಕೊಂಡು ಅವಳು ದಿನವಿಡೀ ಆ ಕಿವಿಗಳನ್ನೇ ನೆನೆಸಿಕೊಂಡು ನಕ್ಕಿದ್ದಳು, ಪಾಪ.

ಈಗ ಮಾಸ್ಕು ಹಾಕಿ ಕಿಟಕಿಯನ್ನು ಒಂದಿಷ್ಟು ಸರಿಸಿದಳು. ಅವನು ಎಂದಿನಂತೆ ಅಲ್ಲೇ ಇದ್ದ.

"ಇದನ್ನ ಬೇಯಿಸಿದ್ದು ಯಾರು?"

ಅವನು ನೆಟ್ಟಗೆ ನಿಂತ. "ನಾನೇ, ಮಿಸ್."

"ಟೇಪು?"

"ಅಂಗಡೀಲಿ ತಂದೆ. ಅದೇ ಬಣ್ಣದ್ದು."

"ಮನೇಲಿ ಯಾರ್ಯಾರಿದ್ದಾರೆ?"

"ಅಮ್ಮ, ತಂಗಿ, ತಂಗಿ ಮಗು."

"ಯಾರಿಗಾದ್ರೂ ಜ್ವರ, ನೆಗಡಿ?"

"ಮಗುಗೆ ನಿನ್ನೆಯಿಂದ ಮೂಗು ಸೋರ್ತಿದೆ. ಅಡುಗೆ ಮಾಡುವಾಗ ಅವಳನ್ನ ಹತ್ತಿರ ಬಿಡಲ್ಲ, ಮಿಸ್. ಪಾತ್ರೆ ಎಲ್ಲ ಕುದಿಯೋ ನೀರಲ್ಲಿ..."

"ಸಾಕು." ಅವಳು ಕಿಟಕಿಯ ಚೌಕಟ್ಟು ಹಿಡಿದುಕೊಂಡಳು. "ತಲೆ ನೆಟ್ಟಗಿದೆಯೇನ್ರೀ ನಿಮಗೆ? ಇದು ನನ್ನೊಬ್ಬಳ ಜೀವ ಅಲ್ಲ. ನಮ್ಮಕ್ಕ ಹೊಟ್ಟೆ ಕುಯ್ಯಿಸ್ಕೊಂಡು ಕೊಟ್ಟಿದ್ದು. ಯಾಕೆ ಹೀಗೆ ಮಾಡಿದ್ರಿ?"

"ಊಟ ಮುಂದುವರಿಬೇಕು ಅಂದ್ರೆ ನೀವು ಒಂದು ಫೋನ್ ಮಾಡಬೇಕಿತ್ತು. ಅದನ್ನ ನಿಮಗೆ ತಿಳಿಸು ಅಂತ ನನಗೇ ಹೇಳಿದ್ರು. ಆದ್ರೆ ಇನ್ನು ಈ ಬೀದಿಗೆ ಡಬ್ಬಿ ತರೋ ಕೆಲಸ ಬೇರೆಯವರಿಗೆ ಕೊಡ್ತೀವಿ ಅಂತಲೂ ಅಂದ್ರು." ಅವನು ತಲೆಯೆತ್ತಲಿಲ್ಲ. "ನಾನು ತಿಳಿಸಲಿಲ್ಲ. ನಿಮ್ಮನ್ನ ನೋಡದೆ ಇರೋಕೆ ನನ್ನ ಕೈಲಿ ಆಗ್ತಿರಲಿಲ್ಲ."

ಇದೇ ಮಾತು ನಿನ್ನೆ ಬಂದಿದ್ದರೆ ಅವಳು ಮನೆಯೊಳಗೇ ಕುಣಿದುಬಿಡುತ್ತಿದ್ದಳು. ಇವತ್ತು ಮೈಯೆಲ್ಲ ಉರಿಯಿತು.

"ನೀವು ನನ್ನನ್ನ ನೋಡೋದು ಮುಖ್ಯ. ನಾನು ಬದುಕೋದಲ್ಲ. ಅಲ್ವಾ?"

ಅವನು ಬಾಯಿ ತೆರೆಯುವ ಮೊದಲೇ ಕಿಟಕಿ ಮುಚ್ಚಿದಳು. ಡಬ್ಬಿ ಹಾಗೆಯೇ ಕಸದ ಬುಟ್ಟಿಗೆ ಹೋಯಿತು.

ಅಲ್ಲಿಂದ ಶುರುವಾಯಿತು ಥರ್ಮಾಮೀಟರಿನ ಜೊತೆ ಸಂಸಾರ. ಎದ್ದರೆ ಜ್ವರ ನೋಡು, ಕೂತರೆ ನೋಡು. ಗಂಟಲಲ್ಲಿ ಸ್ವಲ್ಪ ಕೆರೆತವಾದರೂ ಜೀವ ಬಾಯಿಗೆ ಬರುತ್ತಿತ್ತು. ಅಕ್ಕ ಫೋನಿನಲ್ಲಿ ಅವನಿಗೆ ಹಿಡಿಶಾಪ ಹಾಕಿದಳು. ಅವಳೂ ಹಾಕಿದಳು. ಹಾಕಿ ಮುಗಿಸಿ, ಮರುದಿನ ಮಧ್ಯಾಹ್ನ ವ್ಯಾನಿನ ಸದ್ದಿಗಾಗಿ ಕಿವಿಗೊಟ್ಟು ಕೂತಿರುವ ತನ್ನನ್ನೇ ಕಂಡು ಸಿಟ್ಟು ಇನ್ನಷ್ಟು ಏರಿತು.

ವ್ಯಾನು ಬರಲಿಲ್ಲ. ಸ್ಕೂಟರಿನಲ್ಲಿ ಒಬ್ಬ ಆಂಟಿ ಬಂದರು. ನಿಜವಾದ ಟೇಪಿನ, ನಿಜವಾದ ಡಬ್ಬಿ.

"ಆ ವ್ಯಾನಿನವರು ತಾವೇ ಬಂದು ಎಲ್ಲಾ ಒಪ್ಕೊಂಡ್ರಮ್ಮ," ಎಂದರು ಆಂಟಿ ದೂರ ನಿಂತು. "ನಿಮಗೆ ಇವತ್ತಿಂದಲೇ ಊಟ ಹೋಗಬೇಕು ಅಂತ ಕೂತುಬಿಟ್ರು. ನಮ್ಮ ಮೇಡಂ ಚೆನ್ನಾಗಿ ಉಗಿದು ಕೆಲಸದಿಂದ ತೆಗೆದ್ರು. ಒಂದು ಮಾತೂ ಎದುರಾಡಲಿಲ್ಲ ನೋಡಿ."

ಅದರ ಮರುದಿನ ಸಂಜೆ ಅವಳ ಮೈ ಬೆಚ್ಚಗಾಯಿತು. ಡಾಕ್ಟರು ತಡಮಾಡದೆ ಬರಹೇಳಿದರು. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಒಂಟಿ ರೂಮಿನಲ್ಲಿ ಮಲಗಿಸಿದರು. ಹೊಟ್ಟೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಅವಳು ಅಕ್ಕನನ್ನು ನೆನೆದು ಅತ್ತಳು. ಅವನನ್ನು ನೆನೆದೂ ಅತ್ತಳು. ಆ ಎರಡನೆಯ ಅಳುವಿಗೆ ಏನೆನ್ನಬೇಕೋ ಅವಳಿಗೇ ಗೊತ್ತಾಗಲಿಲ್ಲ.

ಜ್ವರ ಬಂದ ಹಾಗೆಯೇ ಇಳಿಯಿತು. ಕಿಡ್ನಿಗೆ ಏನೂ ಆಗಿಲ್ಲ ಎಂದು ರಿಪೋರ್ಟು ಬಂತು. ಮನೆಗೆ ಕಳಿಸಿದರು.

ಮುಂದಿನ ವಾರ ಒಂದು ಮಧ್ಯಾಹ್ನ, ಆಂಟಿ ಡಬ್ಬಿಯಿಟ್ಟು ಹೋದ ಮೇಲೆ, ಮೆಟ್ಟಿಲ ಕೆಳಗೆ ಅವನು ಬಂದು ನಿಂತ. ವ್ಯಾನಿಲ್ಲ, ಕೈಯಲ್ಲಿ ಏನೂ ಇಲ್ಲ. ಗಡ್ಡ ಬೆಳೆದಿತ್ತು.

ಅವಳು ಕಿಟಕಿ ಸರಿಸಿದಳು. "ಏನು ತಂದ್ರಿ?"

"ಏನೂ ಇಲ್ಲ, ಮಿಸ್. ಮಗು ಹುಷಾರಾಗಲಿ ಅಂತ ಇಷ್ಟು ದಿನ ಬರಲಿಲ್ಲ. ನಿಮ್ಮನ್ನ ಆಸ್ಪತ್ರೆಗೆ ಸೇರಿಸಿದ್ರು ಅಂತ ಆಂಟಿ ಹೇಳಿದ್ರು. ರಿಪೋರ್ಟು..."

"ಎಲ್ಲ ಸರಿ ಇದೆ."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ಅವಳು ನೋಡುತ್ತ ನಿಂತಳು. ಅಷ್ಟು ದಿನ ಕಾಪಾಡಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

"ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ," ಎಂದ, ಎದ್ದು ನಿಲ್ಲುತ್ತ. "ಕೇಳೋ ಮುಖ ನನಗಿಲ್ಲ. ನೀವು ಚೆನ್ನಾಗಿದ್ದೀರಿ, ಸಾಕು. ಹೊರಡ್ತೀನಿ."

"ನಿಲ್ಲಿ. ಅವತ್ತು ಮಗುಗೆ ನೆಗಡಿ ಅಂತ ಯಾಕೆ ಹೇಳಿದ್ರಿ? ಇಲ್ಲ ಅಂದುಬಿಟ್ಟಿದ್ರೆ ನನಗೆ ಗೊತ್ತಾಗ್ತಿರಲಿಲ್ಲ."

"ನೀವು ಹುಷಾರಾಗಿರಬೇಕಿತ್ತಲ್ಲ, ಮಿಸ್."

ಅವಳು ಮಾಸ್ಕು ಸರಿಮಾಡಿಕೊಂಡಳು.

"ಕೇಳಿ. ಜ್ವರದ ಕಾಟ ಮುಗಿಯೋವರೆಗೂ ಯಾರನ್ನೂ ಮನೆಯೊಳಗೆ ಸೇರಿಸಬೇಡಿ ಅಂದಿದ್ದಾರೆ ಡಾಕ್ಟರು. ಕೈ ಹಿಡಿಯೋ ಹಾಗೂ ಇಲ್ಲ."

"ನಾನು ಕೇಳಲೇ ಇಲ್ಲವಲ್ಲ."

"ನೀವು ಕೇಳಲ್ಲ ಅಂತಲೇ ನಾನು ಹೇಳ್ತಿರೋದು. ಇನ್ನೊಂದು ಸುಳ್ಳು ಹೇಳಿದ್ರೆ ಅವತ್ತೇ ಕೊನೆ. ನಮ್ಮಕ್ಕನ್ನ ಒಪ್ಪಿಸೋ ಕೆಲಸ ನಿಮ್ಮದೇ, ನಾನು ಬಾಯಿ ಹಾಕಲ್ಲ."

ಅವನು ಕಣ್ಣೊರೆಸಿಕೊಳ್ಳುವುದನ್ನೂ ಮರೆತು ನೋಡಿದ. ಕಿವಿ ನಿಧಾನವಾಗಿ ಕೆಂಪಾಯಿತು.

"ಊಟ ಆಯ್ತಾ?" ಎಂದಳು.

"ಇಲ್ಲ."

ಅವಳು ಡಬ್ಬಿಯಲ್ಲಿದ್ದ ಅನ್ನದಲ್ಲಿ ಅರ್ಧವನ್ನು ತಟ್ಟೆಗೆ ಹಾಕಿ, ಕಿಟಕಿಯ ಹೊರಗಟ್ಟೆಯ ಮೇಲಿಟ್ಟು, ಗಾಜು ಮುಚ್ಚಿದಳು. ಅವನು ಬಂದು ತಟ್ಟೆ ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತ. ಅವಳು ಒಳಗೆ ಕುರ್ಚಿ ಎಳೆದುಕೊಂಡು ಮಾಸ್ಕು ತೆಗೆದಳು. ಅವನು ಮೊದಲ ಬಾರಿಗೆ ಅವಳ ಪೂರ್ತಿ ಮುಖ ನೋಡಿದ. ತುತ್ತು ಕೈಯಲ್ಲೇ ಉಳಿಯಿತು.

"ತಿನ್ನಿ, ಆರಿಹೋಗುತ್ತೆ," ಎಂದು ಗಾಜಿನೊಳಗಿಂದ ಕೂಗಿದಳು.

"ಇದು ನಿಮ್ಮ ಪಾಲು. ನಿಮಗೆ ಕಮ್ಮಿಯಾಗಲ್ವಾ?"

"ಆಗುತ್ತೆ. ನಾಳೆಯಿಂದ ಮನೇಲಿ ಅಡುಗೆ ಮಾಡ್ಕೊಂಡು ಬನ್ನಿ. ನಿಮಗೆ ಮಾತ್ರ."