ಖಾಲಿ ಜಾಗ ತುಂಬಬೇಡಿ

"ನೀವು ದಯವಿಟ್ಟು ಸ್ವಲ್ಪ ಹೊರಗೆ ಕೂತ್ಕೋತೀರಾ?"

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

"ನಾನಾ? ಯಾಕೆ?"

"ನಾನು ಪ್ರಶ್ನೆ ಕೇಳ್ತಿರೋದು ನಿಮ್ಮ ತಂದೆಗೆ. ಉತ್ತರ ಎಲ್ಲಾ ನೀವೇ ಕೊಡ್ತಿದ್ದೀರ."

"ಅವರಿಗೆ ಮಾತು ಬರಲ್ಲ ಅಂತ ತಾನೆ ನಿಮ್ಮ ಹತ್ರ ಕರ್ಕೊಂಡು ಬಂದಿರೋದು!"

"ಬರಲ್ಲ ಅಂತ ಯಾರು ಹೇಳಿದ್ದು? ಬರೋಕೆ ನೀವು ಬಿಡ್ತಿಲ್ಲ, ಅಷ್ಟೇ."

ಅಬ್ಬಾ, ಇವನ ಜಂಬವೇ!

ದಡಕ್ಕನೆ ಎದ್ದು ಹೊರಗೆ ಹೋದಳು. ಬಾಗಿಲಿಗೆ ಗಾಜಿತ್ತು. ಬೇಡವೆಂದರೂ ಕಣ್ಣು ಒಳಗೇ ಹೋಯಿತು.

ಅಪ್ಪ ದರ್ಜಿ. ಊರಿನ ಅರ್ಧ ಜನರ ಭುಜದ ಅಗಲ ಅವರ ಬಾಯಲ್ಲೇ ಇತ್ತು. ಪಾರ್ಶ್ವವಾಯು ಹೊಡೆದ ದಿನ ಬಲಗೈಯಿಂದ ಕತ್ತರಿ ಜಾರಿತು, ಬಾಯಿಂದ ಮಾತು ಜಾರಿತು. ಅಂದಿನಿಂದ ಅಂಗಡಿಯ ಮಷಿನ್ನೂ ಅಪ್ಪನ ಮಾತೂ ಎರಡೂ ಅವಳ ಪಾಲಿಗೆ ಬಂದವು. ಅಪ್ಪ "ನೀ..." ಎನ್ನುವಷ್ಟರಲ್ಲಿ ನೀರಿನ ಲೋಟ ಹಾಜರು. "ಅ..." ಎಂದರೆ, "ಅಂಗಡಿಗೆ ಬೀಗ ಹಾಕಿದೀನಪ್ಪ, ಯೋಚನೆ ಮಾಡ್ಬೇಡ." ಮಾತು ಚುರುಕು ಎಂದೇ ಅಪ್ಪ ಅವಳಿಗೆ ಸೂಜಿ ಎಂದು ಹೆಸರಿಟ್ಟಿದ್ದು. ಆ ಹೆಸರು ಅವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಯಿತೋ...

ಒಳಗೆ ಆ ಮಾತಿನ ಮೇಷ್ಟ್ರು ಸುಮ್ಮನೆ ಕೂತಿದ್ದ. ಹೌದು, ಸುಮ್ಮನೆ! ಅವನು ಸ್ಪೀಚ್ ಥೆರಪಿಸ್ಟ್, ಆದರೆ ಆ ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಮೇಷ್ಟ್ರೇ ಎಂದು. ಅಪ್ಪನ ತುಟಿ ಅಲುಗುತ್ತಿತ್ತು. ಹಣೆಯಲ್ಲಿ ಬೆವರು. ಅವನು ಗಡಿಯಾರ ನೋಡಲಿಲ್ಲ, ತಲೆ ಆಡಿಸಲಿಲ್ಲ. ಎದುರಿಗೆ ಕೂತು ಅಪ್ಪನ ಮುಖವನ್ನೇ ನೋಡುತ್ತಿದ್ದ.

ಏನಾದ್ರೂ ಹೇಳಿಕೊಡಬಾರದಾ, ಕಲ್ಲುಗುಂಡು...

"ಅ... ಅಳ... ಅಳತೆ."

ಅಪ್ಪನ ಎಡಗೈ ಮೇಷ್ಟ್ರ ಭುಜದತ್ತ ಚಾಚಿತು.

"ಅಳತೆ... ತಪ್ಪು."

ಮೇಷ್ಟ್ರು ತನ್ನ ಅಂಗಿಯನ್ನು ನೋಡಿಕೊಂಡ. ಭುಜದ ಹೊಲಿಗೆ ತೋಳಿನ ಮೇಲೆ ಜಾರಿ ಬಿದ್ದಿತ್ತು. ಅವನು ಗೊಳ್ಳೆಂದು ನಕ್ಕ. ಅಪ್ಪನೂ ನಕ್ಕರು, ಸೊಟ್ಟ ಬಾಯಲ್ಲೇ.

ಗಾಜಿನ ಈಚೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಅಂದರೆ ಅಪ್ಪ ಇಷ್ಟು ದಿನ ಅಂಗಡಿಯ ಬಗ್ಗೆ ಕೇಳುತ್ತಲೇ ಇರಲಿಲ್ಲವೇ?

*

"ಇದು ನಿಮಗೂ ಪಾಠ," ಎಂದ ಮೇಷ್ಟ್ರು ಮುಂದಿನ ಸಲ. "ಒಂದು, ಕಾಯಬೇಕು. ಅವರ ತಲೆಯೊಳಗೆ ಪದ ಇದೆ, ದಾರಿ ಹುಡುಕ್ತಾ ಇದೆ. ನೀವು ನಡುವೆ ನುಗ್ಗಿದ್ರೆ ಅದು ವಾಪಸ್ ಓಡುತ್ತೆ. ಎರಡು, ಅರ್ಥ ಆಗ್ಲಿಲ್ಲ ಅಂದ್ರೆ ಹೌದು-ಇಲ್ಲ ಅನ್ನೋ ಹಾಗೆ ಕೇಳಿ. ಅವರು ಹೆಬ್ಬೆರಳು ಮೇಲೆ ಮಾಡ್ತಾರೆ, ಇಲ್ಲಾ ಕೆಳಗೆ."

"ಮೂರು?"

"ಖಾಲಿ ಜಾಗ ತುಂಬಬೇಡಿ. ಅವರು ಮಗಳು, ಹಾಲು ಅಂದ್ರೆ, ಮಗಳು ಹಾಲು ತಂದಳು ಅಂತ ನೀವೇ ಕಥೆ ಕಟ್ಟಬೇಡಿ. ಹಾಲು ಉಕ್ಕಿರಬಹುದು, ಬೆಕ್ಕು ಕುಡಿದಿರಬಹುದು."

"ನನ್ನ ಬಾಯಿ ಸುಮ್ನಿರಲ್ಲ ಮೇಷ್ಟ್ರೇ."

"ಹೊಲಿಯೋವಾಗ?"

"ಆಗ ತುಟಿ ನಡುವೆ ದಾರ ಕಚ್ಚಿಕೊಂಡಿರ್ತೀನಲ್ಲ!"

"ಹಾಗಾದ್ರೆ ದಾರ ತನ್ನಿ."

ತಮಾಷೆಗೆ ಹೇಳಿದ್ದ. ಅವಳು ನಿಜವಾಗಿಯೂ ತಂದಳು. ಅಪ್ಪ ಪದಕ್ಕಾಗಿ ಒದ್ದಾಡುವಾಗಲೆಲ್ಲ ಕೆಂಪು ದಾರದ ತುಂಡೊಂದನ್ನು ತುಟಿಯಲ್ಲಿ ಬಿಗಿಹಿಡಿದು ಕೂರುತ್ತಿದ್ದಳು. ಅದನ್ನು ನೋಡಿ ಮೇಷ್ಟ್ರಿಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ಪಕ್ಕದ ಕೊಠಡಿಯಲ್ಲಿ ಕೈಗೆ ಬಲ ಬರಲೆಂದು ಅಪ್ಪ ಹಲಗೆಯ ಬಟ್ಟೆಗೆ ಹೊಲಿದ ಗುಂಡಿಗಳನ್ನು ಬಲಗೈಯಿಂದ ಹಾಕಿ ಬಿಚ್ಚುತ್ತಿದ್ದರು. ಆ ಹೊತ್ತು ಇವರಿಬ್ಬರೂ ಬೆಂಚಿನ ಮೇಲೆ ಚಹಾ ಕುಡಿಯುತ್ತ ಅಭ್ಯಾಸದ ಬಗ್ಗೆ ಮಾತಾಡುತ್ತಿದ್ದರು. ಆಮೇಲಾಮೇಲೆ ಅಭ್ಯಾಸವನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡುತ್ತಿದ್ದರು.

ಒಂದು ದಿನ ಅವಳೇ ಟೇಪು ಹಿಡಿದು ನಿಂತಳು. "ತಿರುಗಿ. ಭುಜ ಕೊಡಿ. ಅಪ್ಪನ ಹುಕುಂ, ಹೊಸ ಅಂಗಿ ನಮ್ಮಂಗಡಿಯದ್ದೇ."

ಟೇಪು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ತಲುಪಿತು. ಎಷ್ಟು ಇಂಚು ಎಂಬುದೇ ಮರೆತುಹೋಯಿತು.

"ಇನ್ನೊಂದ್ಸಲ ತಗೋಬೇಕು," ಎಂದಳು.

"ತಗೊಳ್ಳಿ," ಎಂದ ಅವನು, ತಿರುಗದೆಯೇ. "ನಾನು ಕಾಯ್ತೀನಿ."

*

ಮುಂದಿನ ವಾರ ಅವಳಿಗೆ ಬರಲಾಗಲಿಲ್ಲ. ಪಕ್ಕದ ಮನೆಯವರು ಅಪ್ಪನನ್ನು ಬಿಟ್ಟುಹೋದರು.

"ಮಗಳೆಲ್ಲಿ ಇವತ್ತು?" ಮೇಷ್ಟ್ರು ಕೇಳಿದ.

ಅಪ್ಪನ ಮುಖ ಅರಳಿತು. "ಮಗಳು... ಮದುವೆ..." ಉಸಿರೆಳೆದುಕೊಂಡರು. "ಬುಧವಾರ!"

ಮೂರೂ ಪದ ಸ್ಪಷ್ಟ. ಇಷ್ಟು ದಿನದಲ್ಲಿ ಇದೇ ಅತಿ ದೊಡ್ಡ ಮಾತು. ಮೇಷ್ಟ್ರು ಚಪ್ಪಾಳೆ ತಟ್ಟಬೇಕಿತ್ತು.

ಕೈ ಎತ್ತಲಿಲ್ಲ.

ಅವಳು ಮತ್ತೆ ಬಂದಾಗ ಅಪ್ಪನ ಎದುರು ಬೇರೊಬ್ಬ ಮೇಡಂ ಕೂತಿದ್ದರು. ಮೇಷ್ಟ್ರು ಕಾರಿಡಾರಿನಲ್ಲಿ ಸಿಕ್ಕ.

"ಇನ್ನು ನಿಮ್ಮ ತಂದೆಗೆ ಅವರೇ ಕಲಿಸ್ತಾರೆ. ನನಗಿಂತ ಅನುಭವಸ್ಥರು."

"ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

"ಛೇ, ಇಲ್ಲ. ನಿಮಗೆ... ಒಳ್ಳೇದಾಗಲಿ."

ಒಳ್ಳೇದಾಗಲಿ! ದಾರಿಹೋಕರಿಗೆ ಹೇಳುವ ಮಾತು!

ಎರಡೆರಡು ಸಲ ಅಳತೆ ತೆಗೆದದ್ದು ಯಾಕೆ ಅಂತ ಗೊತ್ತಾಗಿರಬೇಕು. ಅದಕ್ಕೇ ದೂರ ಸರಿದ... ನಾನೇ ಹುಚ್ಚಿ, ಒಂದು ಕಪ್ ಚಹಾಕ್ಕೆ ಏನೇನೋ ಅಂದುಕೊಂಡೆ.

ಅವಳೇನೋ ಕಣ್ಣೊರೆಸಿಕೊಂಡು ಮಷಿನ್ ತುಳಿದಾಳು. ಆದರೆ ಅಪ್ಪ? ಹೊಸ ಮೇಡಂ ಪಾಪ ಒಳ್ಳೆಯವರೇ, ಅಪ್ಪ ಮಾತ್ರ ಬಾಯಿಗೆ ಗುಂಡಿ ಹಾಕಿಕೊಂಡುಬಿಟ್ಟರು. ಬಾಗಿಲ ಕಡೆ ನೋಡುವುದು, ತಲೆ ತಗ್ಗಿಸುವುದು. ಬಂದ ಪದಗಳೂ ಒಂದೊಂದಾಗಿ ಒಳಗೆ ಸರಿಯತೊಡಗಿದವು.

ಅದು ಮಾತ್ರ ಅವಳಿಂದ ತಡೆಯಲಾಗಲಿಲ್ಲ.

*

ಗುಂಡಿಗಳ ಕೊಠಡಿಯಲ್ಲಿ ಅಪ್ಪನ ಕೈಗೆ ಹಲಗೆ ಕೊಟ್ಟು ಕೂರಿಸಿ, ಮೇಷ್ಟ್ರನ್ನು ಅಲ್ಲಿಗೇ ಕರೆಸಿದಳು. ಮಡಚಿದ ಅಂಗಿಯನ್ನು ಅವನ ಎದೆಗೆ ಒತ್ತಿದಳು.

"ತಗೊಳ್ಳಿ. ಅಳತೆ ಸರಿಯಾಗಿದೆ. ನನ್ನ ಮೇಲೆ ಕೋಪ ಇದ್ರೆ ನನ್ನ ಮೇಲೆ ತೀರಿಸ್ಕೊಳ್ಳಿ, ನಮ್ಮಪ್ಪನ ಮಾತು ಯಾಕೆ ಕಿತ್ಕೋತೀರ?"

ಅವನು ಅಂಗಿಯನ್ನೇ ನೋಡುತ್ತ ಕೇಳಿದ. "ಮದುವೆ... ಚೆನ್ನಾಗಿ ಆಯ್ತಾ?"

"ಯಾರ ಮದುವೆ?"

"ನಿಮ್ಮದು. ಬುಧವಾರ. ಅಪ್ಪಾಜಿ ಹೇಳಿದ್ರಲ್ಲ, ಮಗಳು, ಮದುವೆ, ಬುಧವಾರ ಅಂತ."

ಅವಳು ಹಣೆ ಚಚ್ಚಿಕೊಂಡಳು.

"ಅಯ್ಯೋ ಮಹಾರಾಯ್ರೇ! ಅದು ಮದುವೆ ಬಟ್ಟೆ! ಯಾವುದೋ ಮದುಮಗಳದ್ದು! ಬುಧವಾರದೊಳಗೆ ಹೊಲಿದು ಕೊಡ್ಬೇಕಿತ್ತು, ಅದಕ್ಕೇ ನಾನು ಬರಲಿಲ್ಲ!"

ಅಪ್ಪ ಹಲಗೆಯಿಂದ ತಲೆ ಎತ್ತಿದರು. ಹೆಬ್ಬೆರಳು ಮೇಲಕ್ಕೆ ಹೋಯಿತು.

"ಖಾಲಿ ಜಾಗ ತುಂಬಬೇಡಿ ಅಂತ ನನಗೆ ಪಾಠ ಹೇಳಿದ್ದು ಯಾರು?"

"ನಾನೇ."

"ಒಂದೇ ಒಂದು ಹೌದು-ಇಲ್ಲ ಪ್ರಶ್ನೆ ಕೇಳೋಕೆ ಏನಾಗಿತ್ತು ನಿಮಗೆ?"

"ಹೌದು ಅಂದುಬಿಟ್ರೆ ಅಂತ... ಭಯ."

ಅವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ!

"ಭಯ ಯಾಕೆ?"

"ಯಾಕಂದ್ರೆ ನಾನು... ನಿಮ್ಮನ್ನ..."

ಊರಿಗೆಲ್ಲ ಮಾತು ಕಲಿಸುವವನಿಗೇ ಪದ ಸಿಗಲಿಲ್ಲ. ಕಿವಿ ಕೆಂಪಾಯಿತು. ಮುಂದಿನ ಪದ ಅವಳ ನಾಲಿಗೆಯ ತುದಿಯಲ್ಲೇ ಇತ್ತು, ತಾನೇ ಹೇಳಿ ಮುಗಿಸಿಬಿಡಬಹುದಿತ್ತು.

ಇಲ್ಲ. ಅದು ಅವನದೇ ಪದ.

ಚೀಲದಿಂದ ಕೆಂಪು ದಾರ ತೆಗೆದು ತುಟಿಯಲ್ಲಿ ಕಚ್ಚಿಕೊಂಡಳು. ಕಾದಳು.

"ನಿಮ್ಮನ್ನ ತುಂಬಾ ಇಷ್ಟಪಡ್ತೀನಿ," ಎಂದ ಅವನು ಕೊನೆಗೆ. "ಎದುರಿಗೆ ಕೂತು ಪಾಠ ಮಾಡೋಕೆ ಆಗ್ತಿರಲಿಲ್ಲ. ಅದಕ್ಕೇ ಓಡಿಹೋದೆ. ಅಪ್ಪಾಜಿ, ಕ್ಷಮಿಸಿ, ನಿಮ್ಮನ್ನ ನಡುದಾರಿಯಲ್ಲಿ ಬಿಟ್ಟೆ. ನಾಳೆಯಿಂದ ಮೇಡಂ ಜೊತೆ ನಾನೂ ಕೂರ್ತೀನಿ."

ಅಪ್ಪನ ತುಟಿ ಅಲುಗಿತು.

"ಅ... ಅಳ..."

ಇಬ್ಬರೂ ಅಂಗಿಯ ಕಡೆ ನೋಡಿದರು. ಇಬ್ಬರಿಗೂ ಗೊತ್ತಿತ್ತು, ಅಳತೆ. ಆದರೂ ಯಾರೂ ತುಂಬಲಿಲ್ಲ.

"ಅಳ... ಅಳಿಯ."

ಮೇಷ್ಟ್ರು ಅವರ ಮುಂದೆ ಕುಕ್ಕರುಗಾಲಿನಲ್ಲಿ ಕೂತ. "ಅಳತೆ ಅಂದ್ರಾ ಅಪ್ಪಾಜಿ?"

ಹೆಬ್ಬೆರಳು ಕೆಳಗೆ.

"ಅ... ಅಳಿಯ ಅಂದ್ರಾ?"

ಹೆಬ್ಬೆರಳು ಮೇಲೆ. ಅದೂ ಬಲಗೈಯದು, ನಡುಗುತ್ತ, ನಿಧಾನವಾಗಿ. ಆಮೇಲೆ ಅಪ್ಪ ಮಗಳ ಕಡೆ ತಿರುಗಿದರು.

"ಸೂಜಿ?"

ಎಷ್ಟು ಕಾಲದ ಮೇಲೆ! ಅವಳ ತುಟಿಯಿಂದ ದಾರ ಜಾರಿ ಬಿತ್ತು. ಕಣ್ಣು ತುಂಬಿ ಏನೂ ಕಾಣಲಿಲ್ಲ. ಜೀವನದಲ್ಲಿ ಮೊದಲ ಬಾರಿ ಸೂಜಿಗೆ ಮಾತೇ ಹೊರಡಲಿಲ್ಲ. ಹೆಬ್ಬೆರಳೆತ್ತಿ ತೋರಿಸಿದಳು.

"ಊಹೂಂ," ಮೇಷ್ಟ್ರು ಆ ಹೆಬ್ಬೆರಳನ್ನೇ ಮೆಲ್ಲಗೆ ಹಿಡಿದ. "ನೀವು ಬಾಯಿಬಿಟ್ಟು ಹೇಳಬೇಕು. ನಾನು ಇನ್ಯಾವತ್ತೂ ಖಾಲಿ ಜಾಗ ತುಂಬಲ್ಲ."

"ತಡೀರಿ... ಬರ್ತಾ ಇದೆ."

"ಬರಲಿ. ಕಾಯ್ತೀನಿ."

"ಹೌದು," ಎಂದಳು ಅಳುತ್ತ, ನಗುತ್ತ. "ಹೌದು ರೀ... ಹೌದು!"