ಸೆವಾರಾ ತುಂಬಿಸಿದ ಬಟ್ಟಲು

"ಇದು ಆಟ ಅಲ್ಲ ಮೇಡಂ, ಭಿಕ್ಷೆ!"

ಸೆವಾರಾಳ ಕಿವಿ ಕೆಂಪಾಯಿತು. ತಾಷ್ಕೆಂಟಿನ ಒಂದು ಪಲಾವ್ ಹೋಟೆಲಿನ ಆ್ಯಪ್‌ಗೆ ಪುಟ್ಟ ಆಟ ಕಟ್ಟಿಕೊಡುವ ಕೆಲಸ ಅವಳದು. ಪರದೆಯ ಮೇಲೆ ಹಾರುವ ಸಮೋಸಗಳನ್ನು ಬೆರಳಲ್ಲಿ ಹಿಡಿದರೆ ಗಿರಾಕಿಗೆ ಅಂಕ. ಅಂಕ ಕೂಡಿದರೆ ಒಂದು ತಟ್ಟೆ ಪಲಾವ್ ಪುಕ್ಕಟೆ. ಕಣ್ಣು ಕಾಣದವರಿಗೆ ಮಾತ್ರ ಬೇರೆಯೇ ಒಂದು ಗುಂಡಿ ಇಟ್ಟಿದ್ದಳು. ಒತ್ತಿದರೆ ಸಾಕು, ಹತ್ತು ಅಂಕ!

ಅದನ್ನು ಪರೀಕ್ಷಿಸಲು ಬಂದು ಈ ಮಾತು ಹೇಳಿದವನು ಬೆಹ್ಜೋದ್. ಹುಟ್ಟಿನಿಂದ ಕಣ್ಣು ಕಾಣದು, ರೇಡಿಯೊದಲ್ಲಿ ಧ್ವನಿ ಸಂಕಲನದ ಕೆಲಸ, ನಾಲಿಗೆ ಮಾತ್ರ ಬಲು ಹರಿತ.

"ಸುಲಭ ಆಗ್ಲಿ ಅಂತ ಮಾಡಿದ್ದು," ಎಂದಳು ಸೆವಾರಾ ಸಿಡುಕಿನಿಂದ.

"ಸೋಲೋಕೇ ಬಿಡದಿದ್ರೆ ಅದೆಂಥ ಆಟ ರೀ?"

'ಎಷ್ಟು ಕೊಬ್ಬು ಇವನಿಗೆ!' ಮನೆಗೆ ಹೋಗುವ ಮೆಟ್ರೋದಲ್ಲಿ ದಾರಿಯುದ್ದಕ್ಕೂ ಬೈದುಕೊಂಡಳು. ಇಳಿಯುವ ಹೊತ್ತಿಗೆ ಅವನು ಹೇಳಿದ್ದೇ ಸರಿ ಎನಿಸಿತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮುಂದಿನ ಗುರುವಾರ ತಾನೇ ಅವನನ್ನು ಕರೆಸಿದಳು. ಹೊಸ ಆಟ ಅವನ ತಲೆಯಲ್ಲೇ ಹುಟ್ಟಿತು: ಅತಿಥಿಗೆ ಚಹಾ ಸುರಿಯುವ ಆಟ. ಬೆರಳೊತ್ತಿದರೆ ಸುರಿಯುವ ಸದ್ದು. ಬಟ್ಟಲು ತುಂಬಿದಂತೆಲ್ಲ ಸದ್ದಿನ ಸ್ವರ ಮೇಲೇರುತ್ತದೆ. ಕಿವಿ ಕೇಳದವರಿಗೆ ಫೋನು ನಡುಗಿ ತಿಳಿಸುತ್ತದೆ. ಸರಿಯಾಗಿ ಅರ್ಧಕ್ಕೆ ಬೆರಳೆತ್ತಿದರೆ ಗೆಲುವು. ಅಲ್ಲಿನ ಪದ್ಧತಿಯಲ್ಲಿ ಸ್ವಲ್ಪ ಸ್ವಲ್ಪವೇ ಸುರಿದು ಮತ್ತೆ ಮತ್ತೆ ಉಪಚರಿಸುವುದು ಮರ್ಯಾದೆ ತಾನೇ? ಅಂಚಿನವರೆಗೆ ತುಂಬಿಸಿದರೆ 'ಕುಡಿದು ಜಾಗ ಖಾಲಿ ಮಾಡಿ' ಅಂದ ಹಾಗೆ. ಅತಿಥಿ ಎದ್ದು ಹೋಗುತ್ತಾನೆ, ನೀವು ಸೋತಿರಿ. ಕಣ್ಣಿದ್ದವರಿಗೂ ಇಲ್ಲದವರಿಗೂ ಇದೊಂದೇ ಆಟ.

ಸೆವಾರಾ ಸತತವಾಗಿ ಹನ್ನೊಂದು ಸಲ ಸೋತಳು.

"ಅತಿಥಿಗಳನ್ನೆಲ್ಲ ಓಡಿಸಿಬಿಟ್ರಲ್ಲ! ನಿಮ್ಮನ್ನ ಸೊಸೆ ಮಾಡ್ಕೊಳ್ಳೋರ ಗತಿ ಏನು?"

"ಯಾರೂ ಕೇಳಿಲ್ಲ ಬಿಡಿ."

"ಹೌದಾ?" ಎಂದ ಬೆಹ್ಜೋದ್, ಸ್ವಲ್ಪ ಹೆಚ್ಚೇ ಅವಸರದಲ್ಲಿ.

ಆರು ಗುರುವಾರ ಕಳೆಯುವಷ್ಟರಲ್ಲಿ ಸೆವಾರಾಳ ಮನಸ್ಸು ಪೂರ್ತಿ ಅವನದಾಗಿತ್ತು. ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಏಳನೆಯ ಗುರುವಾರ ಆಟ ಕಟ್ಟುವ ಕೆಲಸ ಮುಗಿಯಿತು. ಹೋಟೆಲಿನ ಮೂಲೆ ಮೇಜಿನಲ್ಲಿ ಅವಳು ಅವನಿಗೆ ಚಹಾ ಸುರಿಯುತ್ತಿದ್ದಳು.

"ಆಟ ಮುಗೀತಲ್ಲ..." ಎಂದ ಅವನು, ಎಂದೂ ಇಲ್ಲದ ಮೆಲುದನಿಯಲ್ಲಿ. "ಮುಂದಿನ ಗುರುವಾರಾನೂ ನಾನು ಬರ್ಲಾ?"

ಅವಳ ಎದೆ ಧಸಕ್ಕೆಂದಿತು. 'ಬನ್ನಿ ಅನ್ನು! ಅನ್ನೇ ಪೆದ್ದಿ!' ಅವಳು ಅವನ ಮುಖವನ್ನೇ ನೋಡುತ್ತಾ ಉಳಿದಳು.

ಬೆಹ್ಜೋದ್ ತಲೆ ವಾಲಿಸಿ ಏನನ್ನೋ ಆಲಿಸಿದ. ಅವನ ಮುಖ ಬಾಡಿತು.

"ಅರ್ಥ ಆಯ್ತು," ಎಂದು ಕೋಲು ಹಿಡಿದು ಎದ್ದ. ಹೊರಟೇ ಹೋದ.

'ಏನಾಯ್ತು ಇವನಿಗೆ?' ಅವಳು ಕಕ್ಕಾಬಿಕ್ಕಿಯಾಗಿ ಕೂತಳು. ಹೋಟೆಲಿನ ಒಡತಿ ಹೋಸಿಯತ್ ಅಕ್ಕ ಮೇಜು ಒರೆಸಲು ಬಂದವಳು ಹೌಹಾರಿದಳು.

"ಅಲ್ಲ ಕಣೇ, ಈ ಬಟ್ಟಲು ಯಾರದು? ಯಾರನ್ನ ಓಡಿಸ್ದೆ?"

ಸೆವಾರಾ ಬಗ್ಗಿ ನೋಡಿದಳು. ಅಂಚು ಮೀರಿ ತುಳುಕುತ್ತಿದ್ದ ಚಹಾ! ಅವನ ಮಾತಿಗೆ ಮೈಮರೆತವಳು ಸುರಿಯುತ್ತಲೇ ಇದ್ದಳು. ಅವನು ಅದನ್ನು ಕೊನೆಯ ಹನಿಯವರೆಗೂ ಕೇಳಿಸಿಕೊಂಡಿದ್ದ.

"ಅಯ್ಯೋ ದೇವರೇ..."

ಮೂರು ದಿನ ಅವನು ಫೋನೆತ್ತಲಿಲ್ಲ. 'ಇನ್ನು ಅವನು ಸಿಗಲ್ಲ...' ಅಂದುಕೊಂಡರೇ ಊಟ ಸೇರುತ್ತಿರಲಿಲ್ಲ. ಸೋಮವಾರ ಮಧ್ಯಾಹ್ನ ನಾಚಿಕೆಯನ್ನೆಲ್ಲ ಬದಿಗಿಟ್ಟು ರೇಡಿಯೊ ಕಚೇರಿಗೇ ನುಗ್ಗಿದಳು.

"ಬೆಹ್ಜೋದ್, ಅದು ನನ್ನ ಉತ್ತರ ಅಲ್ಲ!"

ಅವನು ಕಿವಿಯ ಹೆಡ್‌ಫೋನ್ ತೆಗೆದ. "ತುಂಬಿಸಿದ್ರಲ್ಲ."

"ನೀವು ಬರ್ಲಾ ಅಂದ್ರಿ... ಆಮೇಲೆ ನನಗೆ ಕೈಯೂ ಗೊತ್ತಾಗ್ಲಿಲ್ಲ, ಬಟ್ಟಲೂ ಗೊತ್ತಾಗ್ಲಿಲ್ಲ. ನಿಮ್ಮನ್ನ ಇಷ್ಟಪಡ್ತೀನಿ ರೀ! ಇಷ್ಟು ಹೇಳೋಕೆ ಏಳು ಗುರುವಾರ ಬೇಕಾಯ್ತು."

ಅವನು ಹೆಡ್‌ಫೋನನ್ನು ಮೇಜಿನ ಮೇಲಿಟ್ಟ. ಆಮೇಲೆ ನಕ್ಕ, ಕಣ್ಣಂಚು ಒದ್ದೆಯಾಗಿತ್ತು.

"ತಪ್ಪು ನಂದೇ. ಸದ್ದು ಕೇಳಿಸ್ಕೊಂಡೆ, ನಿಮ್ಮನ್ನ ಕೇಳ್ಲಿಲ್ಲ."

"ಈಗ ಕೇಳಿ ಮತ್ತೆ."

"ಗುರುವಾರ ಬರ್ಲಾ, ಸೆವಾರಾ?"

"ಬೇಡ. ಗುರುವಾರ ತುಂಬಾ ದೂರ. ನಾಳೆ ಬನ್ನಿ."

"ನಾಳೆ ಏನ್ ಕೆಲಸ?"

"ಕೆಲಸ ಏನಿಲ್ಲ," ಎಂದು ಅವನ ಕೈ ಹಿಡಿದಳು. "ಸುಮ್ನೆ ಬನ್ನಿ."