ಕಾದಂಬರಿಯಲ್ಲಿಲ್ಲದ ಬಸ್ಸು

ಬ್ಯಾಡಗಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಶ್ರೀದೇವಿ ಕುಸಿದು ಕೂತಳು. ಬೆಳಗಿನಿಂದ ನಾಲ್ಕು ಕ್ಲಾಸು. ಗಂಟಲಲ್ಲಿ ಸೀಮೆಸುಣ್ಣ, ಗಾಳಿಯಲ್ಲಿ ಮೆಣಸಿನಕಾಯಿ ಘಾಟು. ರಾಣೆಬೆನ್ನೂರಿನ ಐದರ ಬಸ್ಸಿಗೆ ಇನ್ನು ಹತ್ತೇ ನಿಮಿಷ. ಅತಿಥಿ ಉಪನ್ಯಾಸಕಿಯ ಕೆಲಸ ಇವತ್ತಿಗೆ ಮುಗಿದಿತ್ತು. ನಾಳೆಯಿಂದ ಈ ಬೆಂಚಿಗೆ ಬರಲು ಕಾರಣವೇ ಇರಲಿಲ್ಲ.

ಹಾವೇರಿ ಬಸ್ಸಿನಿಂದ ಮೈಲೇಶ ಇಳಿದ. ಅವನೂ ಅತಿಥಿ ಉಪನ್ಯಾಸಕನೇ, ಹಾವೇರಿಯ ಕಾಲೇಜಿನಲ್ಲಿ; ಮನೆ ಇಲ್ಲೇ ಬ್ಯಾಡಗಿಯಲ್ಲಿ. ಹುಡುಗನೊಬ್ಬ ಬೆಳೆದು ದೊಡ್ಡವನಾಗುವ ಹಳೆಯ ಕಾದಂಬರಿಯೊಂದು ಇಬ್ಬರಿಗೂ ಪಠ್ಯ. ಸಿಕ್ಕಿದ್ದು ಒಂದೇ ಪ್ರತಿ. ವರ್ಷವಿಡೀ ಅದು ದಿನ ಬಿಟ್ಟು ದಿನ ಇದೇ ಬೆಂಚಿನ ಮೇಲೆ ಕೈ ಬದಲಿಸಿತ್ತು. ಪಾತ್ರ, ಸಂಕೇತ, ತಿರುವು ಎಂದು ಅವನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದ. ದಣಿದ ದಿನ ಅವಳು ಅದನ್ನೇ ಓದಿ ಕ್ಲಾಸಿಗೆ ಬರೆಸಿಬಿಡುತ್ತಿದ್ದಳು.

ಅಜ್ಜಿಯ ಕಥೆಯ ರಾಜಕುಮಾರ ಗಿಳಿಯ ಕೊರಳಿಗೆ ಓಲೆ ಕಟ್ಟಿ ಕಳಿಸುತ್ತಿದ್ದ. ಇವನು ತರುವುದು ಬರೀ ಪುಸ್ತಕ ಎಂದು ಅವಳು ಎಷ್ಟೋ ಸಂಜೆ ಒಳಗೇ ಮುನಿದಿದ್ದಳು.

ಇವತ್ತು ಅವನ ಕೈಯಲ್ಲಿ ಅವಳ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಿದ್ದವು. ಇಬ್ಬರೂ ಅದಲುಬದಲು ಮಾಡಿಕೊಂಡು ತಿದ್ದುವುದು ರೂಢಿ.

"ನಿಮ್ಮ ಹುಡುಗರು ನಲವತ್ತೆರಡೂ ಮಂದಿ ಒಂದ ಸಾಲು ಬರದಾರ್ರಿ ಮೇಡಮ್," ಎಂದು ಮೇಲಿನ ಪತ್ರಿಕೆಯನ್ನು ಅವಳ ಮುಂದೆ ಹಿಡಿದ.

ಕಥಾನಾಯಕನ ಸ್ವಭಾವ: 'ಐದರ ಬಸ್ಸು ತಪ್ಪಲಿ ಎಂದು ದಿನವೂ ಬೇಡಿಕೊಳ್ಳುತ್ತಾನೆ. ತಪ್ಪಿದರೆ ಇನ್ನೊಂದು ತಾಸು ಅವಳ ಪಕ್ಕ ಕೂರಬಹುದು.'

"ನೀವ ಬರದಿದ್ರಲ್ರಿ ಅಂಚಿನ್ಯಾಗ. ನಾ ಬರಸೀನಿ," ಎಂದಳು ಶ್ರೀದೇವಿ.

"ಯಾರೂ ಏನೂ ಕೇಳಲಿಲ್ಲೇನ್ರಿ?"

"ಒಬ್ಬಾಕಿ ಕೇಳಿದ್ಲು. ಕಾದಂಬರಿ ತುಂಬ ಎತ್ತಿನ ಚಕ್ಕಡಿ ಅದಾವು, ಬಸ್ಸ ಎಲ್ಲೈತ್ರಿ ಅಂತ. ಸುಮ್ಮ ಬರಕೋ ಅಂದೆ. ತಲಿ ಸಿಡಿಯಾಕತ್ತಿತ್ತು..."

ಅವಳು ಆ ಸಾಲನ್ನು ಮತ್ತೊಮ್ಮೆ ಓದಿ ತಲೆಯೆತ್ತಿದಳು. ಅವನ ಕಿವಿ ಕೆಂಪಾಗಿತ್ತು.

"ನಾ ಬರದದ್ದು ನಾನ ನಲವತ್ತೆರಡು ಸಲ ಓದಿದೆ," ಎಂದ ಮೈಲೇಶ, ತನ್ನ ಚಪ್ಪಲಿ ನೋಡುತ್ತ. "ಓದಬೇಕಾದವ್ರು ಓದಲಿಲ್ಲ."

ಅವಳಿಗೆ ನಗುವಷ್ಟೂ ತ್ರಾಣವಿರಲಿಲ್ಲ. ಆದರೂ ತುಟಿಯಂಚು ಅಲುಗಿತು.

"ಮಾರ್ಕ್ಸ್ ಎಷ್ಟ ಕೊಟ್ರಿ?"

"ಅರ್ಧ."

"ಯಾಕ?"

"ಪಕ್ಕ ಕುಂತಾಕಿ ಏನಂದ್ಲು ಅನ್ನೋದು ಯಾರೂ ಬರದಿಲ್ರಿ."

ಬಸ್ಸು ಬಂತು. ಕಂಡಕ್ಟರ್ ಕೂಗಿದ: "ಲಗೂ ಬರ್ರಿ ಟೀಚರ್, ಇವತ್ತ ಸೀಟ ಐತಿ."

"ನೀವು ಹೋಗ್ರಿ, ಅಣ್ಣಾರ."

ಬಸ್ಸು ಧೂಳೆಬ್ಬಿಸಿ ಹೋಯಿತು. ಬೆಂಚಿನ ಮೇಲಿದ್ದ ಚೀಲವನ್ನು ಶ್ರೀದೇವಿ ತೊಡೆಗೆ ಎತ್ತಿಕೊಂಡಳು.

"ಕುಂದ್ರಿ," ಎಂದಳು. "ಇನ್ನೊಂದು ತಾಸು ಐತಿ."